ಹಳೆಯ ವೋಲ್ಗಾ, ಬಿಳಿಯ ತಲೆವಸ್ತ್ರ

ಆ ಸದ್ದು ಕೇಳಿ ಮೊದಲು ಓಡಿದ್ದು ಬೀದಿನಾಯಿಗಳು. ಎದುರಿನ ರೊಟ್ಟಿ ಅಂಗಡಿಯವಳು ಗಾಬರಿಯಿಂದ ಬಾಗಿಲು ಎಳೆದುಕೊಂಡಳು. ಕೊನೆಗೆ ಎರಡೂ ಕಿವಿ ಮಂದವಾಗಿದ್ದ ಸಾಪರ್ಬೆಕ್ ಮುದುಕ ಕೂಡ ಗ್ಯಾರೇಜಿನ ಬೆಂಚಿನ ಮೇಲೆ ಎದ್ದು ಕೂತು, "ಯಾರೋ ಬಂದ ಹಾಗಿದೆ" ಅಂದ.

ಯಾರೋ ಬಂದ ಹಾಗಿದೆಯಂತೆ! ಇಡೀ ತೊಕ್ಮೊಕ್ ಊರಿಗೇ ಗೊತ್ತಾಗಿತ್ತು.

ಮುದುಕನ ಮಗಳು ಐನಗುಲ್ ಕಾರಿನಡಿ ನಿಂತು ಕೆಲಸ ಮಾಡುವ ಗುಂಡಿಯಿಂದ ಹತ್ತಿ ಬಂದಳು. ಬೆಳಗಿನಿಂದ ಇನ್ಯಾರದೋ ಕಾರಿನ ತುಕ್ಕು ಹಿಡಿದ ನಟ್ಟಿನ ಜೊತೆ ಗುದ್ದಾಡಿ ಅವಳ ತಲೆ ಕೆಟ್ಟಿತ್ತು. ಹಳೇ ಸೋವಿಯತ್ ಕಾಲದ ಕಾರುಗಳಿಗೆ ಸೈಲೆನ್ಸರ್ ಕೂರಿಸುವುದು ಆ ಮನೆಯ ಕಸುಬು. ಸೈಲೆನ್ಸರ್ ಇಲ್ಲದ ಇಂಜಿನ್ನುಗಳ ಪಕ್ಕ ಆಯುಷ್ಯ ಕಳೆದು ಅಪ್ಪನ ಕಿವಿ ಹೋಗಿತ್ತು. ಈಗ ಕೆಲಸವೆಲ್ಲ ಮಗಳದೇ. ಗಿರಾಕಿಗಳು ಅವಳನ್ನೇ ಉಸ್ತಾ, ಅಂದರೆ ಕಸುಬಿನ ಗುರು, ಎಂದು ಕರೆಯುತ್ತಿದ್ದರು. ಕೆಲವರು ಗೌರವದಿಂದ, ಕೆಲವರು ನಗೆಯಾಡುತ್ತ.

ಬಾಗಿಲಲ್ಲಿ ಆಕಾಶನೀಲಿ ಬಣ್ಣದ ವೋಲ್ಗಾ ನಿಂತಿತ್ತು. ಮೂತಿಯ ಮೇಲೆ ಲೋಹದ ಹಾರುವ ಜಿಂಕೆ. ಎಷ್ಟು ಚೆಂದದ ಕಾರು... ಅದರ ಹೊಟ್ಟೆಯಿಂದ ಮಾತ್ರ ಗುಡುಗು!

ಇಳಿದವನು ಎತ್ತರದ ಯುವಕ. ಇಸ್ತ್ರಿ ಮಾಡಿದ ಅಂಗಿ, ಮಸಿ ಮೆತ್ತಿದ ಬೆರಳು. ಆ ಬೆರಳು ನೋಡಿದ ಕೂಡಲೇ ಐನಗುಲ್‌ಗೆ ಅರ್ಧ ಕಥೆ ತಿಳಿಯಿತು. ಬಾನೆಟ್ ಎತ್ತಿದಾಗ ಉಳಿದರ್ಧವೂ ತಿಳಿಯಿತು. ಇಂಜಿನ್ನಿನ ಹೊಗೆಯನ್ನೆಲ್ಲ ಒಟ್ಟು ಮಾಡಿ ಕೆಳಗಿನ ಕೊಳವೆಗೆ ದಾಟಿಸುವ ಬೀಡುಕಬ್ಬಿಣದ ಮ್ಯಾನಿಫೋಲ್ಡು ಅಡ್ಡಕ್ಕೆ ಸೀಳಿತ್ತು. ಅದನ್ನು ಹಿಡಿದಿಡುವ ಸ್ಟಡ್ಡುಗಳಲ್ಲಿ ಎರಡು ಬುಡದಲ್ಲೇ ಮುರಿದಿದ್ದವು.

"ನೀವೇ ಕೈ ಹಾಕಿದ್ರಾ?"

"ಹೂಂ. ಸ್ವಲ್ಪ ಹೊಗೆ ಸೋರ್ತಿತ್ತು. ಬಿಗಿ ಮಾಡೋಣ ಅಂತ..."

"ಒಂದು ತುದಿಯಿಂದ ಬಿಗಿಯುತ್ತಾ ಹೋದ್ರಿ."

ಅವನು ಮಸಿ ಬೆರಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ನಿಮ್ಮ ಕೆಲಸ ಏನು?"

"ಹಲ್ಲು ಕಟ್ತೀನಿ."

"ಹಾಗಿದ್ರೆ ಹಲ್ಲು ಕಟ್ಟಿ. ಇದರ ತಂಟೆಗೆ ಯಾಕೆ ಬಂದ್ರಿ?"

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಪ್ಪು ಮಾಡಿದವನ ಹಾಗೆ ತಲೆ ಕೆರೆದುಕೊಂಡು ನಿಂತ. ಇದರಿಂದ ಐನಗುಲ್‌ಗೆ ಇನ್ನಷ್ಟು ರೇಗಿತು. ಜಗಳಕ್ಕೆ ಬಾರದ ಗಂಡಸಿನ ಮೇಲೆ ಎಷ್ಟು ಅಂತ ಕೂಗಾಡುವುದು?

ಹೆಸರು ಎರ್ಮೆಕ್. ಪಕ್ಕದ ಕಾಂತ್ ಊರಿನ ಹಲ್ಲಿನ ಆಸ್ಪತ್ರೆಯಲ್ಲಿ ಕಟ್ಟುಹಲ್ಲು ಮಾಡುವವನು. ಕಾರು ತೀರಿಕೊಂಡ ತಾತನದು. ಅವನನ್ನು ಸಾಕಿದ ಅಜ್ಜಿ ಬಾತ್ಮಾ ಹಿಮ ಬೀಳುವ ಮುಂಚೆ ಇಸಿಕ್-ಕುಲ್ ಸರೋವರದ ಆಚೆ ದಡದ ತನ್ನ ತವರಿಗೆ ಹೋಗಬೇಕು ಎಂದು ಹಟ ಹಿಡಿದಿದ್ದಳು. ಬೇರೆ ಯಾವ ಕಾರೂ ಆಗದು, ಈ ವೋಲ್ಗಾನೇ ಬೇಕು. ಅದರಲ್ಲೂ ಮುಂದಿನ ಸೀಟೇ ಬೇಕು. ಯಾಕೆ ಎಂದರೆ ಬಾಯಿ ಬಿಡುತ್ತಿರಲಿಲ್ಲ. ವಯಸ್ಸಾದವರ ಹಟ ಎಂದು ಮೊಮ್ಮಗ ನಕ್ಕು ಸುಮ್ಮನಾಗಿದ್ದ.

ಆಗುತ್ತದೆ ಎಂದು ಐನಗುಲ್ ಒಪ್ಪಿಕೊಂಡಳು. ಆಮೇಲೆ ಆ ಮಾತಿಗೆ ಎಷ್ಟು ಪರಿತಪಿಸಿದಳೋ!

ಆ ಕಾರು ಅವಳ ಜೀವ ಹಿಂಡಿತು. ಮುರಿದ ಸ್ಟಡ್ಡಿನ ತುಂಡಿಗೆ ಬೇರೊಂದು ನಟ್ಟು ವೆಲ್ಡ್ ಮಾಡಿ, ಕಾದಿರುವಾಗಲೇ ಮೇಣ ಕರಗಿಸಿ ಇಳಿಸಿ, ತಣಿದ ಮೇಲೆ ಹಿಂದೆ ಮುಂದೆ ಆಡಿಸುತ್ತ ತಿರುಗಿಸಬೇಕು. ಒಂದು ಹಾಗೇ ಬಂತು. ಇನ್ನೊಂದು ವೆಲ್ಡಿಂಗ್ ಸಮೇತ ಕಿತ್ತು ಬಂತು, ಬುಡ ಒಳಗೇ ಉಳಿಯಿತು. ಮತ್ತೆ ವೆಲ್ಡಿಂಗ್, ಮತ್ತೆ ಮೇಣ, ಮತ್ತೆ ಕಿತ್ತು ಬಂತು. ಐನಗುಲ್ ಸ್ಪ್ಯಾನರನ್ನು ಗೋಡೆಗೆ ಬೀಸಿದಳು. ಹೋಗಿ ತಾನೇ ಎತ್ತಿಕೊಂಡು ಬಂದಳು.

ಬಿಡಿಭಾಗಗಳ ಸಂತೆಯಲ್ಲಿ ಹುಡುಕಿ ತಂದ ಮ್ಯಾನಿಫೋಲ್ಡು ಬೇರೆ ಮಾದರಿಯದು ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು. ಮಾರಿದವನು ಮಕ್ಕಳ ಮೇಲೆ ಆಣೆ ಇಟ್ಟಿದ್ದ! ಅದನ್ನು ಹಿಂದಕ್ಕೆ ಕೊಟ್ಟು, ಬೈದು, ಬೈಸಿಕೊಂಡು ಇನ್ನೊಂದು ತಂದರೆ ಅದರ ಮುಖ ಡೊಂಕು. ಇಂಜಿನ್ನಿಗೆ ಸಮನಾಗಿ ಕೂರುತ್ತಲೇ ಇಲ್ಲ. ಸಮನಾಗಿ ಕೂರದಿದ್ದರೆ ಹೊಗೆ ಸೋರುತ್ತದೆ, ಕೊನೆಗೆ ಮತ್ತೆ ಸೀಳುತ್ತದೆ.

ಆಸ್ಪತ್ರೆ ಮುಗಿಸಿ ಎರ್ಮೆಕ್ ಸಂಜೆ ಸಂಜೆ ಬರುತ್ತಿದ್ದ. ಮೊದಮೊದಲು ಅವಳು ಅವನಿಗೆ ಕೂರಲೂ ಹೇಳುತ್ತಿರಲಿಲ್ಲ. ಆ ಡೊಂಕು ಎರಕ ನೋಡಿ ಅವನು ಜೇಬಿನಿಂದ ಒಂದು ನೀಲಿ ಕಾಗದ ತೆಗೆದ. ರೋಗಿಗಳ ಹಲ್ಲಿನ ನಡುವೆ ಇಟ್ಟು ಕಚ್ಚಿಸುವ ಕಾಗದ ಅದು. ಎಲ್ಲಿ ಹಲ್ಲು ಎತ್ತರವೋ ಅಲ್ಲಿ ನೀಲಿ ಮೆತ್ತಿಕೊಳ್ಳುತ್ತದೆ. ಗಾಜಿನ ಹಲಗೆಯ ಮೇಲೆ ಕಾಗದ ಹಾಸಿ ಮ್ಯಾನಿಫೋಲ್ಡನ್ನು ಒತ್ತಿ ತೆಗೆದ. ಉಬ್ಬಿದ ಜಾಗಗಳೆಲ್ಲ ನೀಲಿಯಾದವು. ಅವಳು ದೊಡ್ಡ ಅರದಲ್ಲಿ ಉಜ್ಜಿದಳು, ಅವನು ಸಣ್ಣ ಅರದಲ್ಲಿ ನಯ ಮಾಡಿದ. ಇಬ್ಬರೂ ಎದುರುಬದುರು ಕೂತು ಮಾತಿಲ್ಲದೆ ಉಜ್ಜಿದರು.

'ಕೈ ಕೆಟ್ಟದ್ದಲ್ಲ... ಬುದ್ಧಿ ಮಾತ್ರ ಅವಸರದ್ದು' ಎಂದುಕೊಂಡಳು ಐನಗುಲ್. ಅವನ ಕೈಯನ್ನೇ ನೋಡುತ್ತ ಕೂತಿದ್ದೇನೆ ಎಂದು ಗೊತ್ತಾದಾಗ ಅರ ಎತ್ತಿಕೊಂಡು ಇನ್ನೂ ಜೋರಾಗಿ ಉಜ್ಜಿದಳು.

ಬಿಗಿಯುವ ಕ್ರಮವನ್ನು ಅವಳು ಅವನಿಗೆ ಹೇಳಿಕೊಟ್ಟಳು. ನಡುವಿನ ನಟ್ಟಿನಿಂದ ಶುರು ಮಾಡಿ ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಇಂಜಿನ್ನು ಚೆನ್ನಾಗಿ ಕಾದು, ತಣಿದ ಮೇಲೆ ಎರಡನೇ ಸಲ ಬಿಗಿಯಲೇಬೇಕು. ಬೀಡು ಹಿಗ್ಗಿ ಕುಗ್ಗಿ ಮೊದಲ ಬಿಗಿ ಸಡಿಲಾಗಿರುತ್ತದೆ. ಎರಡನೇ ಬಿಗಿ ಇಲ್ಲದೆ ಈ ಗ್ಯಾರೇಜಿನಿಂದ ಒಂದು ಗಾಡಿಯೂ ಆಚೆ ಹೋಗಿಲ್ಲ ಎಂದಳು. ಅವನು ಶಾಲೆಯ ಹುಡುಗನ ಹಾಗೆ ತಲೆ ಆಡಿಸಿದ.

ಅವನು ತಂದ, ಮಾಂಸ ತುಂಬಿ ಸುಟ್ಟ ಬಿಸಿ ಸಂಸಾಗಳನ್ನು ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ತಿನ್ನುವುದು ಯಾವಾಗ ರೂಢಿಯಾಯಿತೋ, 'ನೀವು' ಹೋಗಿ 'ನೀನು' ಯಾವಾಗ ಬಂತೋ, ಇಬ್ಬರಿಗೂ ತಿಳಿಯಲಿಲ್ಲ. ಐನಗುಲ್‌ಳ ಮುಂದಿನ ಹಲ್ಲೊಂದು ಸ್ಪ್ಯಾನರ್ ತಗುಲಿ ಚೂರು ಮುರಿದಿತ್ತು. ಅದನ್ನು ಸರಿ ಮಾಡಿಸಿಕೋ ಎಂದು ಊರಿನವರೆಲ್ಲ ಹೇಳುತ್ತಿದ್ದರು. ಹಲ್ಲಿನ ಕೆಲಸದವನೇ ಪಕ್ಕದಲ್ಲಿ ಕೂತು ಒಂದು ಸಲವೂ ಹೇಳಲಿಲ್ಲ! ಅವಳಿಗೆ ಅದೂ ಕಿರಿಕಿರಿ. ನೋಡಿಲ್ಲವೋ, ನೋಡಿಯೂ ಬೇಡವೆಂದಿದ್ದಾನೋ...

"ನನ್ನ ಹಲ್ಲು ಕಾಣ್ಲಿಲ್ವಾ ನಿಂಗೆ?" ಎಂದು ಒಂದು ಸಂಜೆ ಕೇಳಿಯೇ ಬಿಟ್ಟಳು.

"ಮೊದಲ್ನೇ ದಿನಾನೇ ಕಂಡಿತ್ತು. ಬೈಯೋವಾಗ."

"ಮತ್ತೆ?"

"ಮತ್ತೇನು? ಚೆನ್ನಾಗಿದೆ."

ಅವಳು ಆ ಸಂಜೆ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಳು. ಅವನು ಹೋದ ಮೇಲೆ ಅವಳಿಗೆ ಭಯವಾಯಿತು.

ಭಯಕ್ಕೆ ಕಾರಣವಿತ್ತು. ಅವಳ ಅಕ್ಕ ಜೂರಾ ಹೊಲಿಗೆ ಕಲಿತು ಸ್ವಂತ ಅಂಗಡಿ ಇಡಬೇಕು ಎಂದುಕೊಂಡಿದ್ದ ಹುಡುಗಿ. ಒಂದು ಮಧ್ಯಾಹ್ನ ಬಸ್ಸಿಗೆ ಕಾಯುತ್ತಿದ್ದವಳನ್ನು ಪರಿಚಯವೂ ಸರಿಯಾಗಿಲ್ಲದ ಹುಡುಗನೊಬ್ಬ ಗೆಳೆಯರ ಜೊತೆ ಬಂದು ಕಾರಿನೊಳಗೆ ಎಳೆದುಕೊಂಡು ಹೋದ. ಅವನ ಮನೆಯ ಹೆಂಗಸರು ಅವಳನ್ನು ಹಿಡಿದು ತಲೆಗೆ ಬಿಳಿ ವಸ್ತ್ರ ಕಟ್ಟಿದರು. ನಮ್ಮಲ್ಲಿ ಹುಡುಗನ ಕಡೆಯವರು ಹುಡುಗಿಯ ತಲೆಗೆ ಬಿಳಿ ವಸ್ತ್ರ ಕಟ್ಟಿದರು ಅಂದರೆ ಮುಗಿಯಿತು, ಅವಳು ಆ ಮನೆಯ ಸೊಸೆ. ಬಿಚ್ಚಿ ಎದ್ದು ಬಂದರೆ ಊರೇ ಆಡಿಕೊಳ್ಳುತ್ತದೆ. ಅಪ್ಪ ಅಮ್ಮ ಮಗಳನ್ನು ಕರೆತರಲು ಹೋದರು. ಹೋದವರು ಒಪ್ಪಿಗೆಯ ಗುರುತಾಗಿ ಅಲ್ಲಿ ಊಟ ಮಾಡಿ, ಇಬ್ಬರೇ ತಿರುಗಿ ಬಂದರು. ಅಮ್ಮ ಹೆಚ್ಚು ಕಾಲ ಬದುಕಲಿಲ್ಲ. ಅಪ್ಪ ಆ ಊಟದ ಮಾತನ್ನು ಈವರೆಗೂ ಎತ್ತಿಲ್ಲ. ಜೂರಾ ಈಗ ಬೆಟ್ಟದಾಚೆ ಇದ್ದಾಳೆ. ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತಾಳೆ, ಬೇರೇನೂ ಹೇಳುವುದಿಲ್ಲ.

ಯಾರೇ ಆಗಲಿ, ನನ್ನ ತಲೆ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಐನಗುಲ್ ಅಂದೇ ತೀರ್ಮಾನಿಸಿದ್ದಳು. ಊರಿಗೆಲ್ಲ ಇದು ಗೊತ್ತಿತ್ತು. ಎರ್ಮೆಕ್‌ಗೆ ಗೊತ್ತಿರಲಿಲ್ಲ. ಅವಳೂ ಹೇಳಿರಲಿಲ್ಲ.

ಅವತ್ತು ಕೆಲಸದ ಕೊನೆಯ ದಿನ. ಮ್ಯಾನಿಫೋಲ್ಡು ಕೂತಿತ್ತು, ಮೊದಲ ಬಿಗಿ ಆಗಿತ್ತು. ಹೊಸ ಸೈಲೆನ್ಸರ್ ಹೊಟ್ಟೆಯ ಕೆಳಗೆ ತೂಗುತ್ತಿತ್ತು. ಹಿಂದಿನ ಹಳೇ ಕೊಳವೆ ಕತ್ತರಿಸಿ ಹೊಸದನ್ನು ಸೇರಿಸಿದರೆ ಮುಗಿಯಿತು. ಆಮೇಲೆ ಇಂಜಿನ್ನು ಕಾಯಿಸಿ, ತಣಿಸಿ, ಎರಡನೇ ಬಿಗಿ. ಅಪ್ಪ ರಬ್ಬರ್ ಪಟ್ಟಿ ತರಲು ಸಂತೆಗೆ ಹೋಗಿದ್ದ. ಎರ್ಮೆಕ್ ರಜೆ ಹಾಕಿ ಬೆಳಿಗ್ಗೆಯೇ ಬಂದಿದ್ದ.

ಗುಂಡಿಯೊಳಗೆ ನಿಂತು ಕೊಳವೆ ಕತ್ತರಿಸುವಾಗ ಕಿಡಿ ಹಾರಿ ಐನಗುಲ್‌ಳ ಟೋಪಿ ಸುಟ್ಟಿತು. ಕಿತ್ತೆಸೆದಳು. ಮೇಲಿಂದ ತುಕ್ಕಿನ ಪುಡಿ ಕೂದಲಿಗೆಲ್ಲ ಉದುರತೊಡಗಿತು. ಥೂ, ಈ ದರಿದ್ರ ಕಾರು ಕೊನೆಯ ದಿನವೂ ಬಿಡುವುದಿಲ್ಲವಲ್ಲ!

ತಲೆಗೆ ಏನಾದರೂ ಬಟ್ಟೆ ಕೊಡು ಎಂದು ಕೂಗಿದಳು. ಎರ್ಮೆಕ್ ಹಿಂದಿನ ಸೀಟಿನ ಚೀಲಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ತಂದ.

"ನನ್ನ ಕೈಯೆಲ್ಲ ಮಸಿ. ನೀನೇ ಕಟ್ಟು."

ಅವನು ಗುಂಡಿಯ ಅಂಚಿನಲ್ಲಿ ಮಂಡಿಯೂರಿದ. ಅವಳು ಬೆನ್ನು ತಿರುಗಿಸಿ ನಿಂತಳು. ಅವನ ಬೆರಳು ಅವಳ ಕತ್ತಿಗೆ ತಾಗಿತು. ಗಂಟು ಹಾಕಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆ ಬೆರಳುಗಳು ಅಲ್ಲೇ ಇದ್ದವು. ಬಿಗಿಯಾಯಿತಾ ಎಂದು ಅವನು ಮೆಲ್ಲಗೆ ಕೇಳಿದ. ಇಲ್ಲ ಎಂದು ಅವಳು ಅದಕ್ಕಿಂತ ಮೆಲ್ಲಗೆ ಹೇಳಿದಳು. ಅಯ್ಯೋ, ಇಷ್ಟು ಹಾಯಾಗಿ ಇರಬಹುದೇ... ಎನಿಸಿತು ಅವಳಿಗೆ.

ಕೊಳವೆ ಸೇರಿಸಿ, ಕ್ಲಾಂಪು ಬಿಗಿದು ಮೇಲೆ ಬಂದಾಗ ಅಂಗಳದಲ್ಲಿ ಟ್ಯಾಕ್ಸಿಯೊಂದು ನಿಂತಿತ್ತು. ಎರ್ಮೆಕ್‌ನ ಅಜ್ಜಿ ಬಾತ್ಮಾ, ಜೊತೆಗೆ ಅವನ ಸೋದರತ್ತೆ ಕಲಿಚಾ. ತೊಕ್ಮೊಕ್‌ನ ನೆಂಟರ ಮನೆಗೆ ಬಂದವರು ಕಾರು ನೋಡಿಕೊಂಡು ಹೋಗೋಣ ಎಂದು ಇಳಿದಿದ್ದರು.

ಅಜ್ಜಿ ಐನಗುಲ್‌ಳ ತಲೆ ನೋಡಿದಳು. ಮೊಮ್ಮಗನ ಮುಖ ನೋಡಿದಳು. ಅವಳ ಕಣ್ಣು ತುಂಬಿಬಂತು. ಕೋಲು ಬಿಟ್ಟು, ಎರಡೂ ಕೈ ಚಾಚಿ ಬಂದು ಮಸಿ ಹಿಡಿದ ಆ ಮುಖವನ್ನು ಹಿಡಿದು ಹಣೆಗೆ ಮುತ್ತಿಟ್ಟಳು.

"ನನ್ ಸೊಸೆ... ನನ್ ಮನೆ ಬೆಳಕು... ಸಾಯೋದ್ರೊಳಗೆ ನೋಡಿದ್ನಲ್ಲಮ್ಮ ನಿನ್ನ."

ಅತ್ತೆ ಕಲಿಚಾ ಕೈಚೀಲದಿಂದ ಮಿಠಾಯಿ ಬಾಚಿ ಶುಭಕ್ಕೆಂದು ಇಬ್ಬರ ತಲೆಯ ಮೇಲೆ ಎರಚಿದಳು. ಮರುಕ್ಷಣವೇ ಫೋನ್ ತೆಗೆದು ಮನೆಗೆ ಸುದ್ದಿ ಮುಟ್ಟಿಸಿದಳು. ಹುಡುಗ ಹುಡುಗಿಗೆ ವಸ್ತ್ರ ಕಟ್ಟಿದ್ದಾನೆ, ಕುರಿ ತರಿಸಿ, ದೊಡ್ಡವರನ್ನೆಲ್ಲ ಕರೆಯಿರಿ!

ಐನಗುಲ್ ಮೆಲ್ಲಗೆ ಕೈ ಎತ್ತಿ ತಲೆ ಮುಟ್ಟಿಕೊಂಡಳು. ಬೆರಳಿಗೆ ರೇಷ್ಮೆಯ ಅಂಚು ಸಿಕ್ಕಿತು. ಕೈ ಒರೆಸುವ ಬಟ್ಟೆಯಲ್ಲ. ಹೊಚ್ಚ ಹೊಸ ಬಿಳಿ ತಲೆವಸ್ತ್ರ.

ಅವಳು ಎರ್ಮೆಕ್ ಕಡೆ ತಿರುಗಿದಳು. ಒಂದೇ ಒಂದು ಮಾತು ಸಾಕಿತ್ತು. ಅಜ್ಜೀ, ಅದು ಹಾಗಲ್ಲ ಎಂದರೆ ಸಾಕಿತ್ತು. 'ಹೇಳು... ಹೇಳೋ...' ಎಂದು ಅವಳ ಕಣ್ಣು ಬೇಡಿತು. ಅವನು ಬಾಯಿ ತೆರೆದ. ಅಜ್ಜಿಯ ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರು ನೋಡಿದ. ಬಾಯಿ ಮುಚ್ಚಿಕೊಂಡ.

ಆಗ ಅವಳಿಗೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಚೀಲದಲ್ಲಿ ಸಿದ್ಧವಾಗಿದ್ದ ಹೊಸ ವಸ್ತ್ರ. ಅಪ್ಪ ಇಲ್ಲದ ಹೊತ್ತು. ಸರಿಯಾದ ಗಳಿಗೆಗೆ ಬಂದಿಳಿದ ಅಜ್ಜಿ. ಇಷ್ಟು ದಿನದ ಸಂಸಾ, ನಗು, ಎಲ್ಲ ಇದಕ್ಕೇ!

ಅವಳು ಗಂಟು ಬಿಚ್ಚಲು ಹೋದಳು. ಬರಲಿಲ್ಲ. ಎಳೆದಳು. ಕೂದಲು ಸಮೇತ ಕಿತ್ತು ಬಿಸಾಡಿದಳು. ಬಿಳಿ ಬಟ್ಟೆ ಗುಂಡಿಯ ಕಪ್ಪು ಎಣ್ಣೆಯೊಳಗೆ ಬಿತ್ತು. ಕಲಿಚಾ ಬಾಯಿ ಬಡಿದುಕೊಂಡಳು, ಇದು ಅಪಶಕುನ, ಮನೆತನಕ್ಕೇ ಅವಮಾನ ಎಂದಳು. ಅಜ್ಜಿ ಮಾತ್ರ ತನ್ನ ಖಾಲಿ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ನಮ್ಮಕ್ಕನಿಗೆ ನಾಲ್ಕು ಜನ ಹಿಡ್ಕೊಂಡು ಕಟ್ಟಿದ್ರು" ಎಂದಳು ಐನಗುಲ್. "ನಿಂಗೆ ಅಷ್ಟೂ ಕಷ್ಟ ಆಗ್ಲಿಲ್ಲ. ಕಟ್ಟು ಅಂತ ನಾನೇ ಬೆನ್ನು ತಿರುಗಿಸಿ ನಿಂತೆ."

"ಐನಗುಲ್, ನಾನು..."

"ಕಾರ್ ತಗೊಂಡು ಹೋಗು. ಈ ಬೀದಿಗೆ ಮತ್ತೆ ಬರಬೇಡ."

ವೋಲ್ಗಾ ಹೊರಟಿತು. ಸದ್ದೇ ಇಲ್ಲ. ಅಷ್ಟು ಚೆನ್ನಾಗಿ ಕೂತಿತ್ತು ಸೈಲೆನ್ಸರ್. ಅವಳಿಗೆ ಅದೂ ಹೊಟ್ಟೆ ಉರಿಸಿತು.

ಆಮೇಲಿನ ದಿನಗಳಲ್ಲಿ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಒಳ್ಳೆಯ ಸ್ಟಡ್ಡುಗಳು ಮುರಿದವು. ಅಳೆದು ತಂದ ಗ್ಯಾಸ್ಕೆಟ್ಟುಗಳು ಅಳತೆಗೆ ಬರಲಿಲ್ಲ. ಎರ್ಮೆಕ್ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಮತ್ತೆ ಮಾಡಿದ, ಅವನ ನಂಬರೇ ಬರದ ಹಾಗೆ ಮಾಡಿಟ್ಟಳು. ರೊಟ್ಟಿ ಅಂಗಡಿಯವಳು ಮೊದಲ ದಿನ ಶುಭ ಕೋರಿದಳು. ಮರುದಿನ, ಕಟ್ಟಿದ್ದನ್ನು ಕಿತ್ತೆಸೆಯಬಾರದಿತ್ತು, ಆ ಮುದುಕಿಯ ಕಣ್ಣೀರು ಸುಮ್ಮನೆ ಬಿಡುತ್ತದೆಯೇ ಎಂದಳು. ಐನಗುಲ್ ರೊಟ್ಟಿ ಬೇರೆ ಬೀದಿಯಿಂದ ತರತೊಡಗಿದಳು.

ಸಿಟ್ಟಾದರೂ ಪೂರ್ತಿ ಬರಬಾರದೇ? ಅದೂ ಇಲ್ಲ. ಸಂಜೆಯಾದರೆ ಕಣ್ಣು ತಾನಾಗಿ ರಸ್ತೆಗೆ ಹೋಗುತ್ತಿತ್ತು. ಹೋದ ಕಣ್ಣಿಗೆ ತಾನೇ ಬೈಯುತ್ತಿದ್ದಳು.

ಒಂದು ಬೆಳಿಗ್ಗೆ ಬೆಟ್ಟದ ನೆತ್ತಿಯ ಮೇಲೆ ಹೊಸ ಹಿಮ ಕಂಡಿತು. ಚಹಾ ಕುಡಿಯುತ್ತಿದ್ದ ಸಾಪರ್ಬೆಕ್, ಕಿವಿ ಕೇಳದವರ ದೊಡ್ಡ ದನಿಯಲ್ಲಿ ಕೇಳಿದ. "ಆ ವೋಲ್ಗಾ ಎರಡನೇ ಬಿಗಿಗೆ ಬರ್ಲೇ ಇಲ್ವಲ್ಲಮ್ಮ?"

ಐನಗುಲ್‌ಳ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು.

ಮೊದಲ ಬಿಗಿಯಲ್ಲೇ ಹೋಗಿದೆ. ಕಾದು ತಣಿದು ಈಗ ಎಲ್ಲ ಸಡಿಲಾಗಿರುತ್ತದೆ. ಸೋರಿದ ಹೊಗೆ ಹೀಟರಿನ ದಾರಿ ಹಿಡಿದು ಕಾರಿನೊಳಗೇ ಬರುತ್ತದೆ. ಚಳಿ ಎಂದು ಕಿಟಕಿ ಮುಚ್ಚಿಕೊಂಡು ಕೂತರೆ ತಲೆ ಸುತ್ತಿ, ನಿದ್ದೆ ಬಂದು... ಅವಳಿಗೆ ಮುಂದೆ ಯೋಚಿಸಲಾಗಲಿಲ್ಲ.

ಎರ್ಮೆಕ್‌ಗೆ ಫೋನ್ ಮಾಡಿದಳು. ಸಿಗಲಿಲ್ಲ. ಅವನ ಆಸ್ಪತ್ರೆಗೆ ಮಾಡಿದಳು. ಬೆಳಿಗ್ಗೆ ಅಜ್ಜಿಯನ್ನು ಕರೆದುಕೊಂಡು ಸರೋವರಕ್ಕೆ ಹೊರಟ ಎಂದರು ಅಲ್ಲಿಯವರು.

"ಅಪ್ಪಾ, ಜಿಗುಲಿ ಕಾರಿನ ಕೀ ಕೊಡು."

ಸರೋವರದ ಕಡೆಗೆ ಹೋಗುವ ಬೂಮ್ ಕಣಿವೆಯ ರಸ್ತೆಯಲ್ಲಿ ಗಾಳಿ ಕಾರನ್ನು ತಳ್ಳುತ್ತಿತ್ತು. ಮುಂದೊಂದು ಲಾರಿ ಆಮೆಯ ಹಾಗೆ ಹೋಗುತ್ತಿತ್ತು, ಪಕ್ಕಕ್ಕೆ ಸರಿಯಲೊಲ್ಲದು. ಐನಗುಲ್ ಹಾರ್ನ್ ಮೇಲೆ ಕೈ ಒತ್ತಿ ಹಿಡಿದು ಅಳುತ್ತಿದ್ದಳು. ಸಾಯಲಿ ಬಿಡು ಎನ್ನಲೂ ಆಗದಲ್ಲ! ಮೋಸ ಮಾಡಿದವನಿಗೆ ಇಷ್ಟೊಂದು ಹೆದರುತ್ತಾರೆಯೇ ಯಾರಾದರೂ? ಅವನಿಗೇನಾದರೂ ಆದರೆ ನಾನು ಇರಲಾರೆ ಎಂದು ಆ ಲಾರಿಯ ಹಿಂದೆಯೇ ಅವಳಿಗೆ ಮೊದಲ ಬಾರಿ ಸ್ಪಷ್ಟವಾಗಿ ತಿಳಿಯಿತು.

ತಿರುವಿನಾಚೆ ನದಿಯ ಪಕ್ಕ ಆಕಾಶನೀಲಿ ಬಣ್ಣ ಕಾಣಿಸಿತು.

ವೋಲ್ಗಾ ನಿಂತಿತ್ತು. ಕಿಟಕಿಗಳೆಲ್ಲ ಪೂರ್ತಿ ತೆರೆದಿದ್ದವು. ಮುಂದಿನ ಸೀಟಿನಲ್ಲಿ ರಜಾಯಿಗಳ ರಾಶಿ, ಅದರ ತುದಿಯಲ್ಲಿ ಕೆಂಪಗಾದ ಮೂಗೊಂದು. ಬಾತ್ಮಾ ಅಜ್ಜಿ ಜೀವಂತ ಇದ್ದಳು, ಮೊಮ್ಮಗನಿಗೆ ಬೈಯುತ್ತಲೂ ಇದ್ದಳು. ಎರ್ಮೆಕ್ ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಾನೆಟ್ ಮುಂದೆ ಸುಮ್ಮನೆ ನಿಂತಿದ್ದ.

ಐನಗುಲ್ ಇಳಿದು ಹೋದಳು.

"ಟಿಕ್ ಟಿಕ್ ಅಂತ ಶುರುವಾಯ್ತು" ಎಂದ ಎರ್ಮೆಕ್. "ಕಿಟಕಿ ತೆಗೆದ್ಬಿಟ್ಟೆ. ಬಿಗಿಯೋಣ ಅಂತ ನಿಲ್ಲಿಸ್ದೆ. ಧೈರ್ಯ ಬರ್ಲಿಲ್ಲ. ಒಂದ್ಸಲ ಸೀಳಿದ್ದೀನಲ್ಲ."

"ಗ್ಯಾರೇಜಿಗೆ ಬರೋಕೇನಾಗಿತ್ತು?"

"ಬೀದಿಗೇ ಬರಬೇಡ ಅಂದಿದ್ದೆ ನೀನು."

ಅಷ್ಟು ಪೆದ್ದನಾಗಿಯೂ ಇರಬಹುದೇ ಮನುಷ್ಯ! ಅವಳು ಬಾನೆಟ್ ಎತ್ತಿ ಕೈ ಇಟ್ಟು ನೋಡಿದಳು. ಇನ್ನೂ ಸುಡುತ್ತಿತ್ತು. ತಣಿಯುವ ತನಕ ಮುಟ್ಟುವಂತಿಲ್ಲ, ಕಾಯಲೇಬೇಕು.

ಅಜ್ಜಿ ಕಿಟಕಿಯಿಂದ ಕೈ ಬೀಸಿ ಕರೆದಳು. ಐನಗುಲ್ ಬಾಗಿಲ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತಳು. ಬೈಗುಳ ಬರುತ್ತದೆ ಎಂದುಕೊಂಡಿದ್ದಳು.

ಅಜ್ಜಿ ಹೇಳಿದ್ದು ಬೇರೆಯೇ. ಅವತ್ತು ಮನೆಗೆ ಹೋದ ಎರ್ಮೆಕ್ ಕುರಿ ಕೊಯ್ಯಲು ನಿಂತವರನ್ನು ತಡೆದನಂತೆ. ಸೇರಿದ್ದ ನೆಂಟರೆಲ್ಲರ ಮುಂದೆ, ಆ ಹುಡುಗಿ ಒಪ್ಪಿಲ್ಲ, ನಾನು ಅವಳನ್ನು ಕೇಳಿಯೂ ಇಲ್ಲ, ತಪ್ಪು ನನ್ನದು ಎಂದನಂತೆ. ದೊಡ್ಡಪ್ಪ ಕೆನ್ನೆಗೆ ಹೊಡೆದರೂ ಅದೇ ಮಾತು. ಆ ಬಿಳಿ ವಸ್ತ್ರಗಳನ್ನು ಅಜ್ಜಿ ತನ್ನ ತವರಿನ ಹೆಂಗಸರಿಗೆ ಉಡುಗೊರೆ ಕೊಡಲು ಕೊಂಡು ಕಾರಿನಲ್ಲಿ ಇಡಿಸಿದ್ದಳಂತೆ.

"ಸಿಟ್ಟು ಬಂದಿತ್ತು ನಂಗೆ, ನಿನ್ ಮೇಲೆ" ಎಂದಳು ಅಜ್ಜಿ. "ರಾತ್ರಿಯೆಲ್ಲ ಉರ್ಕೊಂಡೆ. ಬೆಳಿಗ್ಗೆ ಎದ್ದು ಈ ಕಾರ್ ನೋಡ್ದೆ. ನನ್ನನ್ನ ತಂದಿದ್ದು ಇದೇ ಕಾರಲ್ಲೇ ಕಣಮ್ಮ. ಇದೇ ರಸ್ತೇಲಿ."

ಐನಗುಲ್ ತಲೆ ಎತ್ತಿದಳು. ಎರ್ಮೆಕ್ ಕೂಡ ತಿರುಗಿದ. ಅವನೂ ಕೇಳಿರದ ಮಾತು ಅದು.

"ಇವನ ತಾತ ಆಗ ಸಾಮೂಹಿಕ ಬೇಸಾಯದ ಅಧ್ಯಕ್ಷರ ಈ ಕಾರ್ ಓಡಿಸ್ತಿದ್ದ, ಆಮೇಲೆ ತಾನೇ ಕೊಂಡ. ನಾನು ನೀರಿಗೆ ಹೋಗಿದ್ದೆ. ಹಿಂದಿನ ಸೀಟಲ್ಲಿ ಇಬ್ಬರ ಮಧ್ಯೆ ಹಾಕ್ಕೊಂಡು ಬಂದ್ರು. ಕಣಿವೆ ಮುಗಿಯೋವರ್ಗೂ ಅತ್ತೆ. ಆಮೇಲೆ ಅಳು ಬರ್ಲಿಲ್ಲ." ಅಜ್ಜಿ ರಜಾಯಿ ಸರಿ ಮಾಡಿಕೊಂಡಳು. "ಮುದುಕ ಕೆಟ್ಟವನಲ್ಲ. ಹೊಡೀಲಿಲ್ಲ, ಬಡೀಲಿಲ್ಲ. ಸಾಯೋವರ್ಗೂ ಒಂದ್ ಮಾತ್ ಕೇಳ್ಲೂ ಇಲ್ಲ, ನಿಂಗೆ ಇಷ್ಟ ಇತ್ತೇನೇ ಅಂತ. ಅದಕ್ಕೇ ಒಂದ್ಸಲ ಮುಂದಿನ ಸೀಟಲ್ಲಿ ಕೂತು ವಾಪಸ್ ಹೋಗ್ಬೇಕು ಅಂತ ಆಸೆ."

ಗಾಳಿ ಒಂದು ಕಿಟಕಿಯಿಂದ ನುಗ್ಗಿ ಇನ್ನೊಂದರಿಂದ ಹೋಯಿತು.

"ಇಷ್ಟೆಲ್ಲ ಆಗಿದ್ದೂ ನಿನ್ ತಲೆ ಮೇಲೆ ಆ ಬಟ್ಟೆ ನೋಡಿ ಖುಷಿಪಟ್ಟೆ ನೋಡು. ಮುದಿ ಕತ್ತೆ ನಾನು. ನೀನು ಕಿತ್ತೆಸೆದೆ. ನನ್ನನ್ನ ತಂದ ದಿನ ನಂಗೂ ಎರಡು ಕೈ ಇದ್ವಲ್ಲ ಅನ್ನಿಸ್ತು."

ಐನಗುಲ್ ಕಿಟಕಿಯಿಂದ ಬಗ್ಗಿ ಆ ರಜಾಯಿಯ ರಾಶಿಯನ್ನೇ ತಬ್ಬಿಕೊಂಡಳು. ಇಬ್ಬರೂ ಅತ್ತರು. ಎರ್ಮೆಕ್ ನದಿಯ ಕಡೆ ಮುಖ ತಿರುಗಿಸಿ ನಿಂತ.

ಇಂಜಿನ್ನು ತಣಿಯಿತು. ಐನಗುಲ್ ನಡುವಿನ ನಟ್ಟಿಗೆ ಸ್ಪ್ಯಾನರ್ ಹಾಕಿದಳು. ಅರ್ಧ ಸುತ್ತು ಸುಲಭವಾಗಿ ತಿರುಗಿತು. ಅಷ್ಟು ಸಡಿಲಾಗಿತ್ತು. ಎರ್ಮೆಕ್ ಪಕ್ಕದಲ್ಲಿ ನಿಂತು ಒಂದೊಂದಾಗಿ ಸ್ಪ್ಯಾನರ್ ಎತ್ತಿಕೊಡುತ್ತಿದ್ದ.

"ಒಂದು ವಿಷಯ ಹೇಳ್ಬೇಕು" ಎಂದ. "ಚೀಲದಿಂದ ತೆಗೆಯೋವಾಗ ನೋಡ್ಲಿಲ್ಲ, ನಿಜ. ಕಟ್ಟೋವಾಗ ಗೊತ್ತಾಯ್ತು. ಬಿಚ್ಚಿ ಬೇರೆ ಬಟ್ಟೆ ತರ್ಬೇಕಿತ್ತು. ಹೀಗೇ ಇದ್ರೆ ಎಷ್ಟು ಚೆನ್ನಾಗಿರತ್ತೆ ಅಂತ ನೋಡ್ತಾ ನಿಂತ್ಬಿಟ್ಟೆ. ಆಮೇಲೆ ಅಜ್ಜಿ ಅಳೋದು ನೋಡಿ ಮಾತೇ ಬರ್ಲಿಲ್ಲ. ನೀನಂದಿದ್ದು ಪೂರ್ತಿ ಸುಳ್ಳಲ್ಲ."

ಅವಳು ಬಿಗಿಯುತ್ತಲೇ ಇದ್ದಳು. ಅವನು ಇದನ್ನು ಹೇಳದೆ ಮುಚ್ಚಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎದೆಯೊಳಗೆ ಇಷ್ಟು ದಿನ ಕೂತಿದ್ದ ಉರಿ ಸ್ವಲ್ಪ ಸ್ವಲ್ಪವಾಗಿ ಇಳಿಯತೊಡಗಿತು.

"ನಮ್ಮನೇಲಿ ಯಾರೂ ಯಾರನ್ನೂ ಕೇಳಿಲ್ಲ. ಹೇಗೆ ಕೇಳ್ಬೇಕು ಅಂತಾನೂ ಸರಿಯಾಗಿ ಗೊತ್ತಿಲ್ಲ ನಂಗೆ" ಎಂದ ಎರ್ಮೆಕ್. ಅವನ ಕಿವಿ ಕೆಂಪಾಗಿತ್ತು, ಚಳಿಗೋ ಏನೋ. "ಐನಗುಲ್, ನನ್ನ ಮದ್ವೆ ಆಗ್ತೀಯಾ? ಇಲ್ಲ ಅಂದ್ರೆ ಇಲ್ಲ. ಅಜ್ಜೀನ ಊರಿಗೆ ಬಿಟ್ಟು ಬಂದು, ನಿಜವಾಗ್ಲೂ ನಿನ್ ಬೀದಿಗೆ ಬರಲ್ಲ."

ಸ್ಪ್ಯಾನರ್ ನಿಂತಿತು.

"ಇನ್ನೊಂದ್ಸಲ ಕೇಳು" ಎಂದಳು ಅವಳು. ಕಣ್ಣು ಇನ್ನೂ ಇಂಜಿನ್ನಿನ ಮೇಲೇ ಇತ್ತು.

"ಯಾಕೆ?"

"ನಮ್ಮಕ್ಕನ್ನ ಯಾರೂ ಕೇಳ್ಲಿಲ್ಲ. ಅವಳ ಪಾಲಿಂದು."

ಅವನು ಕೇಳಿದ. ಮೊದಲಿಗಿಂತ ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ.

"ಈಗ ನಿಮ್ಮ ಅಜ್ಜಿ ಪಾಲಿಂದು."

ತೆರೆದ ಕಿಟಕಿಯಿಂದ ಅಜ್ಜಿ ಕತ್ತು ಹೊರಗೆ ಚಾಚಿದಳು. ಅವನು ಮತ್ತೆ ಕೇಳಿದ. ಈ ಸಲ ಅವನ ದನಿ ಒಡೆದಿತ್ತು.

ಐನಗುಲ್ ಕೈ ಒರೆಸಿಕೊಂಡು ಅವನ ಕಡೆ ತಿರುಗಿದಳು. ಹಲ್ಲು ಮುಚ್ಚಿಕೊಳ್ಳಲಿಲ್ಲ.

"ಈಗ ನನ್ ಪಾಲಿಂದು ಕೇಳು."

"ನನ್ನ ಮದ್ವೆ ಆಗ್ತೀಯಾ?"

"ಆಗ್ತೀನಿ."